ನಲವತ್ತೊಂದನೇ ತಲೆಬಟ್ಟೆ

ದಿಯಾರ್‌ಬಕಿರ್,
ನವೆಂಬರ್ ೯, ೨೦೨೩, ಗುರುವಾರ

ಪ್ರೀತಿಯ ಸೋಸಿನ್ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತಾ? ಕಿಟಕಿಯ ಸಂದಿಯಿಂದ ರಾತ್ರಿಯೆಲ್ಲ ಗಾಳಿ ಹೊಡೆಯುತ್ತದೆ ಎಂದು ಬರೆದಿದ್ದೆ. ಅದನ್ನು ಓದಿದ ದಿನವೇ ಅವ್ವ ಕೂತು ಎರಡು ಜೊತೆ ಉಣ್ಣೆ ಕಾಲುಚೀಲ ಹೆಣೆದಳು. ತಲುಪಿದವಾ? ನಾನು ಕಳಿಸಿದ ಬಣ್ಣದ ಪೆನ್ಸಿಲ್ ಪೆಟ್ಟಿಗೆಯಿಂದ ಮೂರು ಪೆನ್ಸಿಲ್ ನನಗೇ ವಾಪಸ್ ಬಂದವು: ಕೆಂಪು, ಹಸಿರು, ಹಳದಿ. ಉಳಿದ ಒಂಬತ್ತು ನಿನ್ನ ಕೈ ಸೇರಿರಬೇಕು. ಮೂರೂ ಒಟ್ಟಿಗಿದ್ದರೆ ಕುರ್ದರ ಬಾವುಟವಾಗಿಬಿಡುತ್ತದಂತೆ. ಹಾಗಾದರೆ ಅಲ್ಲಿ ಟೊಮೆಟೊ, ಮೆಣಸಿನಕಾಯಿ, ನಿಂಬೆಹಣ್ಣು ಒಂದೇ ತಟ್ಟೆಯಲ್ಲಿ ಬಡಿಸುತ್ತಾರಾ, ಇಲ್ಲ ಮೂರು ದಿನಕ್ಕೆ ಹಂಚುತ್ತಾರಾ? ಕೇಳಿ ಬರಿ.

ನಾವು ಚೆನ್ನಾಗಿದ್ದೇವೆ. ಅವ್ವನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ, ಮಂಡಿನೋವು ಇದ್ದ ಹಾಗೇ ಇದೆ. ಮಾತು ಮಾತ್ರ ಸ್ವಲ್ಪ ಕಡಿಮೆ ಮಾಡಿದ್ದಾಳೆ, ಗಂಟಲು ಎಂದುಕೋ. ನಾನು ಜಮಖಾನೆ ತೊಳೆಯುವ ಅಂಗಡಿಯಲ್ಲೇ ಇದ್ದೇನೆ. ಐದು ತಿಂಗಳಾಯಿತು, ನಗಬೇಡ, ನನ್ನ ಮಟ್ಟಿಗೆ ಇದು ದಾಖಲೆ. ಬೆಳಿಗ್ಗೆ ವ್ಯಾನಿನಲ್ಲಿ ಮನೆಮನೆಯಿಂದ ಜಮಖಾನೆ ತರುವುದು, ಸೋಪು ಹಾಕಿ ಉಜ್ಜುವುದು, ಹಿಂಡುವುದು, ಒಣಗಿಸುವುದು. ಹತ್ತನೇ ಕ್ಲಾಸಿಗೇ ಬಿಟ್ಟವನಿಗೆ ಇಷ್ಟು ಸಾಕು ಎಂದು ಯಜಮಾನ ದಿನಕ್ಕೊಮ್ಮೆ ನೆನಪಿಸುತ್ತಾನೆ. ಈ ಕಾಗದ ತುರ್ಕಿಯಲ್ಲಿ ಬರೆಯುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಭಾಷೆಯಲ್ಲಿ ಬರೆದರೆ, ಓದಿ ಹೇಳುವವರು ಸಿಗುವ ತನಕ ನಿಮ್ಮ ಜೈಲಿನ ಸಮಿತಿಯವರ ಮೇಜಿನ ಮೇಲೆ ಮೂರು ತಿಂಗಳು ಬಿದ್ದಿರುತ್ತದೆ. ಈ ಸಲದ ವಿಷಯ ಮೂರು ತಿಂಗಳು ಕಾಯುವಂಥದ್ದಲ್ಲ.

ಹೋದ ಶುಕ್ರವಾರ ಅವ್ವನನ್ನು ಕರೆದುಕೊಂಡು ಇಸ್ತಾಂಬುಲ್‌ಗೆ ಹೋಗಿದ್ದೆ, ನಿನ್ನ ಪ್ರದರ್ಶನ ನೋಡಲು. ಅದನ್ನು ಹೇಳುವ ಮೊದಲು ನಿನಗೆ ಗೊತ್ತಿರುವುದನ್ನೇ ಒಂದಿಷ್ಟು ಬರೆಯುತ್ತೇನೆ. ಯಾಕೆಂದರೆ ಈ ಕಾಗದ ಮೊದಲು ಓದುವವಳು ನೀನಲ್ಲ, ಸಮಿತಿಯ ಸಾಹೇಬರು. ಅವರಿಗೂ ಗೊತ್ತಾಗಲಿ. ಸಾಹೇಬರೇ, ನನಗಾಗ ಏಳು ವರ್ಷ, ಅಕ್ಕನಿಗೆ ಹದಿಮೂರು. ಹಳೇ ಕೋಟೆಯೊಳಗಿನ ನಮ್ಮ ಓಣಿಯಲ್ಲಿ ಪಾರಿವಾಳ ಕದ್ದ ಜಗಳ ಹತ್ತಿಕೊಂಡಿತು. ಎರಡು ಮನೆಯ ಗಂಡಸರು, ಒಂದು ಕಡೆ ಚಾಕು, ಇನ್ನೊಂದು ಕಡೆ ಕಬ್ಬಿಣದ ಸರಳು. ನಾವಿಬ್ಬರೂ ಮಾಳಿಗೆಯ ಮೇಲೆ ಬೋರಲು ಮಲಗಿ ನೋಡುತ್ತಿದ್ದೆವು. ಎದುರುಮನೆ ಗುಲ್ಲಿ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ತಲೆಯ ಮೇಲಿನ ಬಿಳಿ ಬಟ್ಟೆ ಎಳೆದು ಇಬ್ಬರ ನಡುವೆ ಎಸೆದಳು. ಅಷ್ಟೇ. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ನಮ್ಮಲ್ಲಿ ಹೆಂಗಸು ತಲೆಬಟ್ಟೆ ಎಸೆದರೆ ಜಗಳ ಮುಗಿದಂತೆ. ಅದನ್ನು ದಾಟಿದವನು ಗಂಡಸಲ್ಲ, ಮನುಷ್ಯನೇ ಅಲ್ಲ. ಅವನ ಮನೆಯ ಟೀ ಕೂಡ ಯಾರೂ ಕುಡಿಯುವುದಿಲ್ಲ. ಆವತ್ತು ಅಕ್ಕಾ, ನೀನು ನನ್ನ ಕಿವಿಯಲ್ಲಿ "ನೋಡೋ, ಗುಂಡಿಗಿಂತ ಗಟ್ಟಿ ಇದು" ಎಂದಿದ್ದೆ. ಹದಿನೈದು ವರ್ಷದ ಮೇಲೆ ಅದೇ ಓಣಿಯನ್ನು ಸರ್ಕಾರದವರು ಕೆಡವಿ ಸಿಮೆಂಟ್ ಗೋಡೆ ಅಡ್ಡ ಇಟ್ಟಾಗ, ಓಣಿಯ ಹೆಂಗಸರು ಚೆಲ್ಲಾಪಿಲ್ಲಿಯಾಗಿ ಹೋಗಿದ್ದ ಫ್ಲಾಟು ಫ್ಲಾಟಿಗೂ ನೀನು ಹೋಗಿ ಒಬ್ಬೊಬ್ಬರಿಂದ ಒಂದೊಂದು ತಲೆಬಟ್ಟೆ ಕೇಳಿ ತಂದೆ. ಹೊಸದಲ್ಲ, ಕಟ್ಟಿ ಕಟ್ಟಿ ಮೆತ್ತಗಾದದ್ದು. ನಲವತ್ತು ಸೇರಿದವು. ಅವ್ವ ಮಾತ್ರ ಕೊಡಲಿಲ್ಲ. "ನಂದು ನನ್ ತಲೆ ಮೇಲೇ ಇರ್ಲಿ ಬಿಡೇ. ನಿನ್ ತಮ್ಮ ಅನ್ನೋನು ಒಬ್ಬ ಇದಾನಲ್ಲ, ಯಾವತ್ತು ಬೇಕಾಗುತ್ತೋ ಏನೋ" ಎಂದಳು. ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಆ ನಲವತ್ತನ್ನು ನೀನು ಸಿಮೆಂಟ್ ಗೋಡೆಯ ಮುಂದೆ ನೆಲಕ್ಕೆ ಅಡ್ಡವಾಗಿ ಹಾಸಿದೆ. ಮಾತಿಲ್ಲ, ಘೋಷಣೆಯಿಲ್ಲ. ಆರೋಪಪಟ್ಟಿಯಲ್ಲಿ ಅದು "ಬಿಳಿ ಬಣ್ಣದ ನಲವತ್ತು ಬಟ್ಟೆ ತುಂಡುಗಳು, ಪ್ರಚಾರ ಸಾಮಗ್ರಿ" ಎಂದಾಯಿತು. ನಿನಗೆ ಎರಡು ವರ್ಷ ಹತ್ತು ತಿಂಗಳ ಶಿಕ್ಷೆಯಾಯಿತು.

ಈಗ ಇಸ್ತಾಂಬುಲ್. ಅಂಗಿಗುಂಡಿ ಮಾಡುತ್ತಿದ್ದ ಹಳೇ ಕಾರ್ಖಾನೆಯೊಂದನ್ನು ಗ್ಯಾಲರಿ ಮಾಡಿದ್ದಾರೆ. ಅದನ್ನು ನಡೆಸುವವನು ಓರ್ಹುನ್, ನಿನಗೆ ಕಾಗದ ಬರೆಯುತ್ತಿದ್ದವನು, ದುಂಡು ಕನ್ನಡಕದವನು. ಇಪ್ಪತ್ತೊಂದು ಗಂಟೆ ಬಸ್ಸಿನಲ್ಲಿ ಕೂತು ಹೋದೆವು. ಅವ್ವ ಅವನಿಗೆಂದು ಜಡೆಯ ಹಾಗೆ ಹೆಣೆದ ನಮ್ಮೂರ ಚೀಸ್ ಒಂದು ಡಬ್ಬಿ ಕಟ್ಟಿಕೊಂಡಿದ್ದಳು. "ಮಗಳ ಕೆಲ್ಸಾನ ನೆರಳಲ್ಲಿ ಇಟ್ಕೊಂಡಿದಾನೆ, ಬರೀ ಕೈಲಿ ಹೋಗೋದಾ?" ದಾರಿಯುದ್ದಕ್ಕೂ ಆ ಡಬ್ಬಿ ಅವಳ ತೊಡೆಯ ಮೇಲಿತ್ತು. ಸಂಜೆ ಆರಕ್ಕೆ ಬಾಗಿಲು ತೆರೆದರು. ನಾನು ಮೊದಲು ನೋಡಿದ್ದು ನೆಲವನ್ನು. ಹೊಸ್ತಿಲಿಗೆ ಅಡ್ಡ ಏನೂ ಇರಲಿಲ್ಲ. ಜನ ಗ್ಲಾಸು ಹಿಡಿದು ಸಲೀಸಾಗಿ ಒಳಗೆ ನಡೆದು ಹೋಗುತ್ತಿದ್ದರು. ತಲೆ ಎತ್ತಿದರೆ ನಲವತ್ತೂ ಮೇಲೆ ತೂಗುತ್ತಿದ್ದವು, ಕಾಣದಂಥ ತಂತಿಗೆ ಸಿಕ್ಕಿಸಿ, ಕೆಳಗಿನಿಂದ ಹಳದಿ ದೀಪ ಬಿಟ್ಟು. ಅವ್ವ ಕತ್ತು ಹಿಂದಕ್ಕೆ ಬಾಗಿಸಿ ಸ್ವಲ್ಪ ಹೊತ್ತು ನೋಡಿ ನನ್ನನ್ನು ಕೇಳಿದಳು, "ಯಾರ ಮನೆ ಬಟ್ಟೇನೋ ಇಲ್ಲಿ ಒಣಗಾಕಿರೋದು?"

ಅವಳಿಗೆ ಗುರುತೇ ಸಿಗಲಿಲ್ಲ ಅಕ್ಕಾ. ಗುಲ್ಲಿ ಅತ್ತೆಯ ತಲೆಬಟ್ಟೆಯನ್ನು ಕಣ್ಣು ಕಟ್ಟಿ ಕೊಟ್ಟರೂ ಹೇಳುವವಳು, ಅದರ ತಂದೂರಿ ಒಲೆಯ ಹೊಗೆಯ ವಾಸನೆಯಿಂದ. ಯಾಕೆ ಸಿಗಲಿಲ್ಲ ಹೇಳು? ತೊಳೆದಿದ್ದರು! ತೊಳೆದು, ಬಿಳುಪು ಹಾಕಿ, ಇಸ್ತ್ರಿ ಮಾಡಿದ್ದರು. ನನ್ನ ಹತ್ತಿರ ಸುಳ್ಳು ಹೇಳಲಾಗುವುದಿಲ್ಲ, ದಿನಾ ಅದರಲ್ಲೇ ಕೈ ಅದ್ದುವವನು ನಾನು. ಹೊಗೆ ಹೋಗಿದೆ, ಕೂದಲಿಗೆ ಹಚ್ಚುವ ಲವಂಗದ ಘಮ ಹೋಗಿದೆ, ಓಣಿ ಬಿದ್ದ ದಿನದ ಗಾರೆಯ ಧೂಳು ಹೋಗಿದೆ. ಆ ನಲವತ್ತು ಹೆಂಗಸರಲ್ಲಿ ಮೂವರು ಈಗಿಲ್ಲ. ಅವರ ತಲೆಯ ವಾಸನೆ ಭೂಮಿಯ ಮೇಲೆ ಉಳಿದಿದ್ದದ್ದು ಅದೊಂದರಲ್ಲೇ. ಸಾಕ್ಷ್ಯ ಎಂದು ಹದಿನಾಲ್ಕು ತಿಂಗಳು ಪೊಲೀಸರ ಉಗ್ರಾಣದಲ್ಲಿ ಗೋಣಿಚೀಲದಲ್ಲಿ ಬಿದ್ದಿದ್ದವು ಇವು. ಪೊಲೀಸರೂ ತೊಳೆದಿರಲಿಲ್ಲ ಅಕ್ಕಾ. ನಿನ್ನನ್ನು ಪ್ರೀತಿಸುತ್ತೇವೆ ಎನ್ನುವವರು ತೊಳೆದರು.

ನೀನು ಜೈಲಿನಿಂದ ಬರೆದು ಕಳಿಸಿದ್ದು ಮೂರೇ ಮಾತು. ತೊಳೆಯಬೇಡಿ, ತೂಗುಹಾಕಬೇಡಿ, ಬಾಗಿಲಿಗೆ ಅಡ್ಡ ಹಾಸಿ. ಬಂದವನು ನಿಲ್ಲಬೇಕು, ಒಳಗೆ ಬರಬೇಕಾ ಬೇಡವಾ ಎಂದು ಯೋಚಿಸಬೇಕು, ಅಷ್ಟೇ ಕೆಲಸ, ಉಳಿದದ್ದೆಲ್ಲ ಅಲಂಕಾರ ಎಂದು ಬರೆದಿದ್ದೆ. ನನ್ನಂಥವನಿಗೇ ಅರ್ಥವಾಯಿತು. ಇವರಿಗೆ ಆಗಲಿಲ್ಲವಾ? ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು, ಕೊರಳಲ್ಲಿ ಮೊಟ್ಟೆಯಷ್ಟು ದಪ್ಪದ ಮಣಿ, "ಮೋಡದ ಕೆಳಗೆ ನಿಂತ ಹಾಗಿದೆ ಅಲ್ವಾ, ಎಷ್ಟು ಶಾಂತಿ" ಎಂದು ಗೆಳತಿಗೆ ಹೇಳಿ ಬಾಯಿ ಚೂಪು ಮಾಡಿ ಫೋಟೊ ತೆಗೆಸಿಕೊಂಡಳು. ಶಾಂತಿಯಂತೆ. ಗೋಡೆಯ ಬರಹ ಓದಿದೆ. "ಅನತೋಲಿಯಾದ ತಾಯಂದಿರ ಬಿಳಿ ಕನಸು." ಅದರ ಕೆಳಗೆ ನಾಲ್ಕು ಸಾಲು. ಎರಡು ಸಲ ಓದಿದೆ, ಬೆರಳಿಟ್ಟು ಓದಿದೆ. ಕುರ್ದ್ ಎಂಬ ಮಾತಿಲ್ಲ. ನಮ್ಮ ಓಣಿ ಇಲ್ಲ, ಕೆಡವಿದ್ದು ಇಲ್ಲ. ಕೊನೆಯ ಸಾಲು ನಿನ್ನ ಬಗ್ಗೆ: "ಕಲಾವಿದೆ ಸದ್ಯ ಏಕಾಂತದಲ್ಲಿ ಕೆಲಸ ಮಾಡುತ್ತಿದ್ದಾರೆ." ಏಕಾಂತ! ಹದಿನೆಂಟು ಜನರ ಕೋಣೆಯಲ್ಲಿ, ಕಕ್ಕಸಿಗೆ ಸರದಿ ನಿಲ್ಲುವ ಏಕಾಂತ!

ಓರ್ಹುನ್ ನಗುತ್ತಾ ಕೈ ಚಾಚಿಕೊಂಡು ಬಂದ. ಅವ್ವನ ಕೈಗೆ ಬಗ್ಗಿ ಮುತ್ತಿಟ್ಟು ಹಣೆಗೆ ಒತ್ತಿಕೊಂಡ, ಅದನ್ನು ಇಲ್ಲ ಎನ್ನುವುದಿಲ್ಲ. ನಾನು ಗೋಡೆ ತೋರಿಸಿ ಇದೇನು ಎಂದೆ. "ತಮ್ಮಾ, ಮೆಲ್ಲಗೆ" ಎಂದು ನನ್ನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದ. "ನೆಲದ ಮೇಲೆ ಹಾಸ್ದೆ, ದೇವರಾಣೆ ಹಾಸಿದ್ದೆ. ಮೂರು ದಿನ ಹಿಂದೆ ನಗರಸಭೆಯವ್ರು ಅಂತ ಇಬ್ರು ಬಂದ್ರು. ನಗರಸಭೆಯವ್ರು ಸೊಂಟದಲ್ಲಿ ಪಿಸ್ತೂಲ್ ಇಟ್ಕೋತಾರಾ ಹೇಳು. ಜನ ಎಡವಿ ಬೀಳ್ತಾರೆ, ತೆಗೀರಿ ಅಂದ್ರು. ವಾಸನೆ, ರೋಗ ಬರುತ್ತೆ, ತೊಳೀರಿ ಅಂದ್ರು. ಇಲ್ಲಾಂದ್ರೆ ಬೀಗ ಅಂದ್ರು. ನನ್ ಮೇಲೆ ಆಗ್ಲೇ ಎರಡು ಕೇಸಿದೆ ತಮ್ಮಾ. ಬಾಗಿಲು ಹಾಕ್ಸಿದ್ರೆ ನಿನ್ನಕ್ಕನ ಕೆಲ್ಸ ಯಾರು ನೋಡ್ತಾರೆ? ತೂಗುಹಾಕಿದ್ದಕ್ಕೇ ಇವತ್ತು ಈ ಬಾಗಿಲು ತೆಗೆದಿದೆ." "ಯಾರು ನೋಡ್ತಿದಾರೆ ಈಗ? ಮೋಡ ನೋಡ್ತಿದಾರೆ" ಎಂದೆ. "ಅರ್ಧ ಆದ್ರೂ ಕಾಣುತ್ತಲ್ಲ" ಎಂದ. ಅರ್ಧ! ನೀನು ಅರ್ಧ ಜೈಲಿಗೆ ಹೋದೆಯಾ ಅಕ್ಕಾ? ಇವರೆಲ್ಲ ಹೀಗೇ. ಹೆದರಿಕೆಯನ್ನು ಅವರ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಕತ್ತರಿಯನ್ನು ನಮ್ಮ ಬಟ್ಟೆಗೆ ಹಾಕುತ್ತಾರೆ. ಬೈಯುವವರು ಬೈಯಲಿ, ಹೊಡೆಯುವವರು ಹೊಡೆಯಲಿ, ಅವರ ಮುಖವಾದರೂ ಕಾಣುತ್ತದೆ. ಬೆನ್ನು ಸವರುತ್ತಾ ನಾಲಿಗೆ ಕತ್ತರಿಸುವವರನ್ನು ಏನು ಮಾಡುವುದು? ನನಗೆ ತಡೆಯಲಾಗಲಿಲ್ಲ. ಗೋಡೆಯ ಮೇಲೆ ಸುಳ್ಳು ಬರೆದಿದ್ದೀರಿ ಎಂದು ಕಿರುಚಿ ಕೊರಳಪಟ್ಟಿ ಹಿಡಿದೆ. ಜನ ಸೇರಿದರು. ಅವ್ವ ಅಡ್ಡ ಬಂದಳು. ಆಮೇಲೆ ನಾವು ಹೊರಗೆ ಬಂದೆವು. ಅಷ್ಟೇ. ಚೀಸ್ ಡಬ್ಬಿ ಅಲ್ಲೇ ಮೇಜಿನ ಮೇಲೆ ಉಳಿಯಿತು.

ಈಗ ನೀನು ಮಾಡಬೇಕಾದದ್ದು ಒಂದೇ. ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ನಿನ್ನ ವಕೀಲರು ಬರೆದುಕೊಟ್ಟದ್ದು, ಪ್ರದರ್ಶನದಿಂದ ನನ್ನ ಕೆಲಸ ಹಿಂತೆಗೆದುಕೊಳ್ಳುತ್ತೇನೆ ಎಂದು. ನಿನ್ನ ಸಹಿ ಇಲ್ಲದೆ ಅಲ್ಲಿಂದ ಒಂದು ದಾರವೂ ಅಲುಗುವುದಿಲ್ಲವಂತೆ. ಸಹಿ ಹಾಕಿ ತಕ್ಷಣ ಕಳಿಸು. ಅಂಗಡಿಯ ವ್ಯಾನು ಕೇಳಿಕೊಂಡು ನಾನೇ ಹೋಗಿ ನಲವತ್ತನ್ನೂ ತರುತ್ತೇನೆ. ಮೂರು ಬಟ್ಟೆ ಆ ಮೂವರ ಗೋರಿಯ ಮೇಲೆ ಕಟ್ಟುತ್ತೇನೆ, ಉಳಿದದ್ದು ಅವರವರ ಮನೆಗೆ ಕೊಡುತ್ತೇನೆ. ಅಲ್ಲಿ ಒಣಗುವುದಕ್ಕಿಂತ ಅದು ಮೇಲು. ನಿನಗೆ ನೋವಾಗುತ್ತದೆ ಎಂದು ಗೊತ್ತು. ಆದರೂ ಯೋಚನೆ ಮಾಡುತ್ತಾ ಕೂರಬೇಡ, ನೀನು ಯೋಚನೆ ಮಾಡಿದರೆ ಯಾವಾಗಲೂ ಬೇರೆಯವರ ಪರ ಯೋಚನೆ ಮಾಡುತ್ತೀಯ.

ಸಮಿತಿಯ ಸಾಹೇಬರೇ, ಕಪ್ಪು ಮಸಿ ಬಳಿಯುವುದಿದ್ದರೆ ಬೈಗುಳದ ಮೇಲೆ ಬಳಿಯಿರಿ, ಈ ವಿಷಯ ಮಾತ್ರ ಅಕ್ಕನಿಗೆ ಮುಟ್ಟಲಿ. ಎಲ್ಲಕ್ಕಿಂತ ಕೆಳಗೆ ಬಿಟ್ಟ ಜಾಗ ನಿಮ್ಮ "ನೋಡಲಾಗಿದೆ" ಮೊಹರಿಗೆ.

ಅಕ್ಕಾ, ಕಾಲು ಬೆಚ್ಚಗಿಟ್ಟುಕೋ. ನಿನ್ನ ಕೋಣೆಯ ಅಕ್ಕಂದಿರಿಗೆಲ್ಲ ನಮಸ್ಕಾರ ಹೇಳು. ಗುಲ್ಲಿ ಅತ್ತೆ ದಿನಾ ನಿನ್ನ ಹೆಸರು ಹಿಡಿದು ದುವಾ ಮಾಡುತ್ತಾಳೆ, ಮೊಮ್ಮಕ್ಕಳ ಹೆಸರು ಮರೆತರೂ ನಿನ್ನದು ಮರೆತಿಲ್ಲ. ಅವ್ವ ನಿನ್ನ ಕಣ್ಣಿಗೆ ಮುತ್ತಿಟ್ಟಿದ್ದಾಳೆ.

ನಿನ್ನ ತಲೆತಿರುಕ ತಮ್ಮ,
ರೇಜಾನ್

ಮರೆತದ್ದು: ಇವತ್ತು ಸೋಮವಾರ, ಹದಿಮೂರು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಐದಕ್ಕೆ ಮುಚ್ಚುತ್ತಾರೆ. ಕಾಗದ ನಾಲ್ಕು ದಿನ ಜೇಬಿನಲ್ಲೇ ಇತ್ತು, ಹಾಕಲು ಕೈ ಬರಲಿಲ್ಲ. ಮರೆತದ್ದು ಅಂದೆ, ಅದೂ ಸುಳ್ಳು. ಬಿಟ್ಟದ್ದು. ಮೇಲೆ "ಅವ್ವ ಅಡ್ಡ ಬಂದಳು, ಅಷ್ಟೇ" ಎಂದು ಬರೆದಿದ್ದೇನಲ್ಲ, ಅದು ಅಷ್ಟೇ ಅಲ್ಲ. ನಾನು ಓರ್ಹುನ್‌ನ ಕೊರಳಪಟ್ಟಿ ಹಿಡಿದು ಗೋಡೆಗೆ ತಳ್ಳಿ ಹಿಂದೆ ಸರಿದು ಕೈ ಎತ್ತಿದೆ. ಅವ್ವ ತಲೆಬಟ್ಟೆ ಎಳೆದು ನಮ್ಮಿಬ್ಬರ ನಡುವೆ ಎಸೆದಳು. ಎಲ್ಲರ ಮುಂದೆ, ಬಿಳಿ ಕೂದಲು ಬಿಚ್ಚಿ ಬಿತ್ತು. ಆ ಮನುಷ್ಯ ನಿಂತ ಅಕ್ಕಾ. ಇಜ್ಮೀರ್‌ನಲ್ಲಿ ಹುಟ್ಟಿದವನು, ನಮ್ಮ ಈ ಪದ್ಧತಿ ನಿನ್ನ ಕಾಗದದಲ್ಲಿ ಓದಿ ಮಾತ್ರ ಗೊತ್ತಿದ್ದವನು, ಎರಡೂ ಕೈ ಕೆಳಗಿಳಿಸಿ ಬೆನ್ನು ಗೋಡೆಗೆ ಒತ್ತಿಕೊಂಡು "ನಿಲ್ಲು, ಅಮ್ಮ ಎಸೆದ್ರು, ನಿಲ್ಲು" ಎಂದ. ನಾನು ನಿಲ್ಲಲಿಲ್ಲ. ಬಲಗಾಲು ಅದರ ಮೇಲೇ ಇಟ್ಟು ದಾಟಿ ಹೋಗಿ ಹೊಡೆದೆ. ಅವನ ಕನ್ನಡಕ ಒಡೆಯಿತು. ಅವನು ತಿರುಗಿ ಕೈ ಎತ್ತಲಿಲ್ಲ, ದೂರೂ ಕೊಡಲಿಲ್ಲ.

ಅವ್ವ ಬಗ್ಗಿ ಬಟ್ಟೆ ಎತ್ತಿಕೊಂಡು ಮಡಿಸಿದಳು. ತಲೆಗೆ ಕಟ್ಟಲಿಲ್ಲ. ಇಪ್ಪತ್ತೊಂದು ಗಂಟೆ ಬಸ್ಸಿನಲ್ಲಿ ಬರೀ ತಲೆಯಲ್ಲಿ ಕೂತು ಬಂದಳು, ಚೀಸ್ ಡಬ್ಬಿ ಇದ್ದ ಜಾಗದಲ್ಲಿ ಆ ಮಡಿಕೆ ಇಟ್ಟುಕೊಂಡು. ಪಕ್ಕದ ಸೀಟಿನ ಹೆಂಗಸು ಶಾಲು ಕೊಡಲು ಬಂದರೆ ಬೇಡ ಎಂದು ಕೈ ಆಡಿಸಿದಳು. ಅವಳ ಗಂಟಲಿಗೆ ಏನೂ ಆಗಿಲ್ಲ. ಇವತ್ತಿನ ತನಕ ಹತ್ತು ದಿನ, ನನ್ನ ಜೊತೆ ಒಂದು ಮಾತಿಲ್ಲ. ಊಟದ ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಬೈದರೆ ಎಷ್ಟೋ ವಾಸಿಯಿತ್ತು.

ಇವತ್ತು ಬೆಳಿಗ್ಗೆ ಓರ್ಹುನ್ ಫೋನ್ ಮಾಡಿದ. "ತಮ್ಮಾ, ಇಳಿಸಿದೀನಿ. ನಲವತ್ತೂ ಬಾಗಿಲಿಗೆ ಅಡ್ಡ ಹಾಸಿದೀನಿ. ತೊಳೆದಿದ್ದು ತೊಳೆದಾಯ್ತು, ಅದಕ್ಕೆ ನನ್ ಮುಖಕ್ಕೆ ನೀನು ಕೊಟ್ಟಿದ್ದು ಸರಿಯಾಗೇ ಇದೆ. ಗೋಡೆ ಬರಹ ಮುಟ್ಟೋಕೆ ಮಾತ್ರ ಇನ್ನೂ ಧೈರ್ಯ ಸಾಲ್ತಿಲ್ಲ. ಎಷ್ಟ್ ದಿನ ಬಿಡ್ತಾರೋ ಗೊತ್ತಿಲ್ಲ. ಅಮ್ಮಂಗೆ ಹೇಳು. ಚೀಸ್ ಚೆನ್ನಾಗಿತ್ತು" ಎಂದ. ಹೇಳಿದೆ. ಅವ್ವ ಒಳಗೆ ಹೋಗಿ ಆ ಮಡಿಕೆ ತಂದು ನನ್ನ ಮುಂದೆ ಇಟ್ಟಳು. "ಇದನ್ನ ಅಲ್ಲಿಗೆ ಕಳ್ಸು. ಅವಳು ಅವತ್ತೇ ಕೇಳಿದ್ಲು, ನಾನೇ ಕೊಡ್ಲಿಲ್ಲ." ತೊಳೆದು ಕಳಿಸಲಾ ಎಂದೆ. ಅವಳ ಮುಖ ನೀನು ನೋಡಬೇಕಿತ್ತು. "ಸೋಪು ಮುಟ್ಟಿಸ್ದೆ ಅಂದ್ರೆ ಕೈ ಮುರೀತೀನಿ ನೋಡು." ಹತ್ತು ದಿನದಲ್ಲಿ ನನ್ನ ಜೊತೆ ಆಡಿದ ಮಾತು ಇಷ್ಟೇ. ದಿನಕ್ಕೆ ಇಪ್ಪತ್ತು ಜಮಖಾನೆ ತೊಳೆಯುತ್ತೇನೆ ಅಕ್ಕಾ. ಇದೊಂದು ತೊಳೆಯಲು ಬಿಡುತ್ತಿಲ್ಲ.

ಅದಕ್ಕೇ, ಸಹಿ ಹಾಕಬೇಡ. ವಕೀಲರ ಕಾಗದ ಹರಿದುಹಾಕು. ಅದರ ಬದಲು ನಿನ್ನ ಕೈಬರಹದಲ್ಲಿ ಎರಡು ಸಾಲು ಬರೆದು ಕಳಿಸು. ಓರ್ಹುನ್‌ಗೆ ಧೈರ್ಯ ಇಲ್ಲದಿದ್ದರೆ ಬೇಡ, ನಾನೇ ಹೋಗಿ ಗೋಡೆಗೆ ಅಂಟಿಸಿ ಬರುತ್ತೇನೆ. ಯಾರ ಮೇಲೂ ಕೈ ಮಾಡುವುದಿಲ್ಲ. ಮೊದಲನೇ ಸಾಲು, ನೀನು ಎಲ್ಲಿದ್ದೀಯ ಎಂದು. ಎರಡನೆಯದು ಅವ್ವನ ಬಟ್ಟೆಯ ಮೇಲಿರುವ ಹೆಜ್ಜೆಯದು. ಬಲಗಾಲಿನ ಬೂಟು, ನಲವತ್ಮೂರನೇ ನಂಬರು, ಹಿಮ್ಮಡಿಯ ಗೆರೆಗಳೂ ಅಚ್ಚೊತ್ತಿವೆ. ನೋಡಿದವರೆಲ್ಲ ಪೊಲೀಸರದ್ದು ಎಂದೇ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳುವುದು ಬೇಡ. ಗೋಡೆಯ ಮೇಲೆ ಸುಳ್ಳು ಬರೆದಿದ್ದೀರಿ ಎಂದು ಕಿರುಚಿದವನು ನಾನು. ಮಗನದ್ದು ಎಂದು ಬರಿ. ನನ್ನ ಹೆಸರು ಹಾಕು.